ಒಂದು ಗೆರೆ ಹೆಚ್ಚು

ನಮ್ಮ ಮೇಡಂ ಅವರ ಬಲಗೈ ಹೆಬ್ಬೆರಳು ಒಂದು ಗಳಿಗೆ ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ಕಿರುಬೆರಳಿನ ಬುಡದ ಗೆಣ್ಣಿನಿಂದ ಶುರುವಾಗಿ, ಒಂದೊಂದೇ ಗೆಣ್ಣು ಮುಟ್ಟುತ್ತ ತೋರುಬೆರಳಿನ ತುದಿಗೆ ಬಂದು, ಅಲ್ಲಿಂದ ಮತ್ತೆ ಕೆಳಗಿಳಿಯುತ್ತಿತ್ತು. ಪಾಠ ಮಾಡುವಾಗ, ಬಸ್ಸಿಗೆ ಕಾಯುವಾಗ, ಪ್ರಿನ್ಸಿಪಾಲರ ಕೋಣೆಯ ಮೀಟಿಂಗಿನಲ್ಲಿ, ಸೆರಗಿನ ಮರೆಯಲ್ಲಿ ಅದು ಓಡುತ್ತಲೇ ಇರುತ್ತಿತ್ತು. ಉಗುರಿನ ಒಂದು ಮಗ್ಗುಲು ಸವೆದು ಚಪ್ಪಟೆಯಾಗಿತ್ತು. ಮೇಡಂ ಮುಸಲ್ಮಾನರಾದ್ದರಿಂದ ಒಳಗೊಳಗೇ ಅಲ್ಲಾನ ಹೆಸರು ಹೇಳಿಕೊಳ್ಳುತ್ತಾರೆ ಎಂದು ನಾವು ಹುಡುಗಿಯರು ನಂಬಿದ್ದೆವು. ಒಮ್ಮೆ ಧೈರ್ಯ ಮಾಡಿ ಕೇಳಿಯೂ ಬಿಟ್ಟೆ.

"ಅಲ್ಲಾನ ಹೆಸರ ಅಲ್ಲ ಬಿಡು," ಅಂದರು. "ಅಷ್ಟು ಪುಣ್ಯ ನಂದಿಲ್ಲ. ಕಿಡಕಿ ಹೊರಗ ನೋಡು, ಆ ತಂತಿ ಮ್ಯಾಲ ಎಷ್ಟು ಗಿಳಿ ಕುಂತಾವ?"

ನಾನು ತಿರುಗಿ ನೋಡುವಷ್ಟರಲ್ಲಿ ಗಿಳಿಗಳು ಹಾರಿಹೋಗಿದ್ದವು.

"ಹದಿನೇಳು," ಅಂದರು ಮೇಡಂ. "ಎಣಿಸದಿದ್ರ ನನಗ ಕುಂದ್ರಾಕ ಆಗೂದಿಲ್ಲ."

ಎಣಿಸಿದರೂ ಅವರು ಕೂಡುತ್ತಿರಲಿಲ್ಲ, ಅದು ಬೇರೆ ಮಾತು. ಸಿಂದಗಿಯ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಫಿಜಿಕ್ಸ್ ಕಲಿಸುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಅವರಿಗೆಂದು ಇದ್ದ ಕುರ್ಚಿಯ ಮೇಲೆ ಯಾವಾಗಲೂ ಬೇರೆ ಯಾರದೋ ಚೀಲ ಇರುತ್ತಿತ್ತು. ಚಹಾ ನಿಂತು ಕುಡಿಯುವುದು, ಪೇಪರು ನಡೆಯುತ್ತ ತಿದ್ದುವುದು, ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿಯುವುದು. ಪಾಠ ಹೇಳುತ್ತ ಬೆಂಚುಗಳ ನಡುವೆ ಎಷ್ಟು ತಿರುಗುತ್ತಿದ್ದರೆಂದರೆ, ನೋಟ್ಸ್ ಬರೆದುಕೊಳ್ಳುವ ನಮಗೆ ಕತ್ತು ನೋಯುತ್ತಿತ್ತು. "ಒಂದ್ ಕಡೆ ನಿಂತು ಹೇಳ್ರಿ ಮೇಡಂ" ಎಂದು ಯಾರಾದರೂ ಅಂದರೆ, "ನಿಂತ ನೀರಿಗಿ ನೊಣ ಮುಕರ್ತಾವ, ಗೊತ್ತಿಲ್ಲೇನು?" ಎಂದು ಆ ತುದಿಯಿಂದಲೇ ಉತ್ತರ ಬರುತ್ತಿತ್ತು.

ನಮ್ಮ ತರಗತಿಯಲ್ಲಿ ಒಂದೇ ಹೆಸರಿನ ನಾಲ್ಕು ಮಂದಿ ಇದ್ದೆವು. ಹೆಸರು ಕೂಗಿದರೆ ನಾಲ್ಕೂ ತಲೆ ಏಳುತ್ತಿದ್ದವು. ಅದಕ್ಕಾಗಿ ಮೇಡಂ ನಮ್ಮನ್ನು ಊರಿನಿಂದಲೇ ಕರೆಯುತ್ತಿದ್ದರು. "ಏ ಇಂಡಿ, ಮುಖ ಯಾಕ ಹಂಗ ಮಾಡೀ? ನಿಮ್ಮೂರ ನಿಂಬಿಹಣ್ಣ ತಿಂದ ಬಂದೀಯೇನು?" "ಏ ಮುದ್ದೇಬಿಹಾಳ, ಬಸ್ಸ ತಪ್ಪಿತೋ, ನಿದ್ದಿ ತಪ್ಪಲಿಲ್ಲೋ?" ಬಸವನ ಬಾಗೇವಾಡಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗಿಯಂತೂ ಮೂರು ವರ್ಷ ಬರೀ 'ಬಾಗೇವಾಡಿ' ಆಗಿಯೇ ಉಳಿದಳು. ನಾನು ಆಲಮೇಲ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ನನ್ನ ಬಸ್ಸು ತಡವಾಗಿ ಬಂದ ದಿನ, ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ "ಎಷ್ಟು ಟ್ರ್ಯಾಕ್ಟರ್ ಇದ್ದುವು?" ಎಂದು ಕೇಳುತ್ತಿದ್ದರು. ಎಣಿಸಿದ್ದರೆ ಒಳಗೆ ಬಿಡುತ್ತಿದ್ದರು. ನಾನು ಬಾಯಿಗೆ ಬಂದದ್ದು ಹೇಳುತ್ತಿದ್ದೆ, ದೇವರಾಣೆ, ಒಂದು ದಿನವೂ ಎಣಿಸಿದವಳಲ್ಲ.

ಇಂಥವರು ಹರೆಯದಲ್ಲಿ ದೂರದ ದೊಡ್ಡ ಊರಿನಲ್ಲಿ ಲೇಸರ್ ಇಟ್ಟುಕೊಂಡು ಪಿಎಚ್.ಡಿ. ಮಾಡಿದ್ದಾರೆ ಎಂಬುದು ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಏನು ಮಾಡಿದ್ದಾರೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ನಮಗೆ ಗೊತ್ತಾದದ್ದು ಐಸೊಟೋಪಿನ ಪಾಠದ ದಿನ.

"ನಮ್ಮ ಮಾರ್ಕೆಟ್ನ್ಯಾಗ ಎರಡು ಚೀಲ ಜೋಳ ಇಟ್ಟಾರ ಅಂತ ತಿಳೀರಿ," ಅಂದರು. "ಅದ ಜೋಳ, ಅದ ಬಣ್ಣ, ಅದ ಹೆಸರು. ಒಂದರಾಗ ಎರಡು ಕಾಳ ಹೆಚ್ಚಿಗಿ ಅದಾವ. ಕಣ್ಣಿಗಿ ಗೊತ್ತಾಗತೈತೇನು? ಇಲ್ಲ. ತಕ್ಕಡಿಗಿ? ಅದಕ್ಕೂ ಇಲ್ಲ. ಬೆಳಕಿಗಿ ಗೊತ್ತಾಗತೈತಿ."

ಒಂದೇ ಲೋಹದ ಪರಮಾಣುಗಳಲ್ಲಿ ಕೆಲವು ಸ್ವಲ್ಪ ಹಗುರ, ಕೆಲವು ಸ್ವಲ್ಪ ಭಾರ. ಅವೇ ಐಸೊಟೋಪುಗಳು. ಪ್ರತಿಯೊಂದೂ ತನಗೆ ಒಪ್ಪುವ ಬಣ್ಣದ ಬೆಳಕನ್ನೇ ಹೀರುತ್ತದೆ, ಆ ಬಣ್ಣಗಳ ನಡುವೆ ಎಳ್ಳಷ್ಟೂ ಅಲ್ಲ, ಎಳ್ಳಿನ ಸಿಪ್ಪೆಯಷ್ಟು ವ್ಯತ್ಯಾಸ. ಮೇಡಂ ಗ್ಯಾಡೋಲಿನಿಯಂ ಎಂಬ ಲೋಹದ ಚೂರನ್ನು ಗಾಳಿ ತೆಗೆದ ಪೆಟ್ಟಿಗೆಯೊಳಗೆ ಪುಟ್ಟ ಭಟ್ಟಿಯಲ್ಲಿ ಕಾಯಿಸುತ್ತಿದ್ದರು. ಅದರಿಂದ ಪರಮಾಣುಗಳು ತೆಳ್ಳಗೆ ಹಾರಿ ಬರುವಾಗ ಅಡ್ಡಲಾಗಿ ಲೇಸರ್ ಬಿಟ್ಟು, ಅದರ ಬಣ್ಣವನ್ನು ನಿಧಾನವಾಗಿ ಬದಲಾಯಿಸುತ್ತ ಹೋಗುವುದು. ಒಂದು ಐಸೊಟೋಪಿಗೆ ಬಣ್ಣ ಹೊಂದಿದ ಕೂಡಲೇ ಅದು ಮಿನುಗುತ್ತದೆ, ಓಡುತ್ತಿರುವ ಕಾಗದದ ಮೇಲೆ ನೀಲಿ ಪೆನ್ನು ಗುಡ್ಡದಂತೆ ಏಳುತ್ತದೆ. ಪಕ್ಕದಲ್ಲೇ ಇನ್ನೊಂದು ಪೆನ್ನು, ಕೆಂಪು ಮಸಿಯದು, ಅಳತೆಪಟ್ಟಿಯ ಕೆಲಸಕ್ಕೆ. ಬಣ್ಣ ಇಷ್ಟು ಸರಿದರೆ ಒಂದು ಗೆರೆ, ಇನ್ನಷ್ಟು ಸರಿದರೆ ಮತ್ತೊಂದು ಗೆರೆ. ಎರಡು ಗುಡ್ಡಗಳ ನಡುವೆ ಎಷ್ಟು ಕೆಂಪು ಗೆರೆ ಇವೆ ಎಂದು ಎಣಿಸಿದರೆ ಆ ಎರಡು ಐಸೊಟೋಪುಗಳ ನಡುವಿನ ವ್ಯತ್ಯಾಸ ಸಿಕ್ಕಿತು.

"ಅಂದ್ರ ಮೇಡಂ, ನಿಮ್ಮ ಪಿಎಚ್.ಡಿ. ಅಂದ್ರ ಗೆರಿ ಎಣಿಸೂದು?" ಎಂದಳು ಇಂಡಿಯವಳು. ಕ್ಲಾಸು ನಕ್ಕಿತು.

"ಹೌದವಾ, ಗೆರಿ ಎಣಿಸೂದು," ಅಂದರು ಮೇಡಂ. ಅವರು ಮಾತ್ರ ನಗಲಿಲ್ಲ.

ನನ್ನ ಅವರ ಜಗಳ ಶುರುವಾದದ್ದು ಎರಡನೇ ವರ್ಷದ ಪ್ರಾಕ್ಟಿಕಲ್ಲಿನಲ್ಲಿ. ಪಾದರಸದ ದೀಪದ ಬೆಳಕನ್ನು ಸಣ್ಣ ಗೆರೆ ಕೊರೆದ ಗಾಜಿನ ಪಟ್ಟಿಯಿಂದ ಒಡೆದು, ಒಂದೊಂದು ಬಣ್ಣ ಎಷ್ಟು ಕೋನಕ್ಕೆ ಬಾಗುತ್ತದೆ ಎಂದು ನೋಡಿ ಗ್ರಾಫ್ ಹಾಕಬೇಕು. ಬಿಂದುಗಳೆಲ್ಲ ಒಂದೇ ಸರಳರೇಖೆಯ ಮೇಲೆ ಬೀಳಬೇಕು. ನನ್ನ ನಾಲ್ಕನೇ ಬಿಂದು ಬೀಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ಎಲ್ಲ ಕಾಲೇಜಿನ ಎಲ್ಲ ಮಕ್ಕಳು ಮಾಡುವುದನ್ನೇ ನಾನೂ ಮಾಡಿದೆ, ಬಿಂದುವನ್ನು ಎತ್ತಿ ರೇಖೆಯ ಮೇಲೆ ಕೂರಿಸಿದೆ.

ಮೇಡಂ ಬೆನ್ನ ಹಿಂದಿನಿಂದ ಬಂದು ಗ್ರಾಫಿನ ಮೇಲೆ ಬೆರಳಿಟ್ಟರು.

"ಏ ಆಲಮೇಲ, ಈ ಚುಕ್ಕಿ ಯಾರ ಇಟ್ಟಾರ? ನೀ ಇಟ್ಟೀಯೋ, ದೀಪ ಇಟ್ಟೈತೋ?"

"ಗೆರಿ ಸರಳ ಬರ್ಲಿ ಅಂತ್ರಿ..."

"ಸರಳ ಬರ್ಲಿ ಅಂತ ಹೇಳಾಕ ನೀ ಯಾರು?"

ಬೈದರೆ ಬೈಯಲಿ, ಆದರೆ ಅವರ ತುಟಿ ನಡುಗುತ್ತಿತ್ತು. ಅಷ್ಟು ಸಣ್ಣ ತಪ್ಪಿಗೆ ಅಷ್ಟು ಸಿಟ್ಟೇ? ಪುಸ್ತಕ ಕಸಿದುಕೊಂಡು, ಮೂರು ದಿನ ಅದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿಸಿದರು. ಮೂರೂ ದಿನ ನನ್ನ ಬಸ್ಸು ತಪ್ಪಿತು, ಮನೆಯಲ್ಲಿ ಅವ್ವನ ಕಡೆಯಿಂದ ಬೈಗುಳ ತಿಂದೆ. ಈ ಹೆಂಗಸಿಗೆ ಖಂಡಿತ ತಲೆ ಕೆಟ್ಟಿದೆ ಎಂದು ಬಾಗೇವಾಡಿಯ ಮುಂದೆ ಹೇಳಿಯೂ ಹೇಳಿದೆ. ಮೂರನೇ ದಿನ ಗೊತ್ತಾಯಿತು, ಗಾಜಿನ ಪಟ್ಟಿಯನ್ನು ಹಿಡಿದಿದ್ದ ತಿರುಪು ಸಡಿಲಾಗಿ, ನಾಲ್ಕನೇ ಸಲಕ್ಕೆ ಅದು ಚೂರು ಜರುಗುತ್ತಿತ್ತು. ತಿರುಪು ಬಿಗಿ ಮಾಡಿದೆ, ಬಿಂದು ತಾನಾಗಿ ಬಂದು ರೇಖೆಯ ಮೇಲೆ ಕೂತಿತು. ಮೇಡಂ ನನ್ನ ಬೆನ್ನ ಮೇಲೆ ಒಂದು ಗುದ್ದು ಕೊಟ್ಟು, "ಡೊಂಕ ಬಿದ್ದ ಚುಕ್ಕಿ ಸುಮ್ಮ ಬೀಳೂದಿಲ್ಲ, ತಿಳೀತಾ?" ಅಂದರು. ಆ ಗುದ್ದು ನನಗೆ ಯಾವ ಬಹುಮಾನಕ್ಕಿಂತಲೂ ಹೆಚ್ಚು ಹಿಡಿಸಿತು. ಅವತ್ತಿನಿಂದ ನಾನು ಅವರ ಹಿಂದೆ ಬಿದ್ದೆ.

ಕೊನೆಯ ವರ್ಷ ಒಂದು ರವಿವಾರ ಮನೆಗೆ ಕರೆದರು. ಮಾರ್ಕೆಟ್ಟಿನ ಹತ್ತಿರ ಅವರ ಮನೆ, ಉದ್ದನೆಯ ಪಡಸಾಲೆ. ಯಜಮಾನರು ತೊಗರಿ ವ್ಯಾಪಾರಿ, ಮೆತ್ತನೆಯ ಮನುಷ್ಯ. ನಾನು ಅವರನ್ನು ಚಾಚಾ ಅನ್ನುತ್ತಿದ್ದೆ. ಮೇಡಂ ಟ್ರಂಕಿನಿಂದ ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಕಾಗದದ ಸುರುಳಿ ತೆಗೆದು, ಅದರ ತುದಿಯನ್ನು ಚಾಚಾನ ಕೈಗೆ ಕೊಟ್ಟು, "ಗಟ್ಟಿ ಹಿಡೀರಿ" ಎಂದು ಬಿಚ್ಚುತ್ತ ಹೋದರು. ಸುರುಳಿ ಪಡಸಾಲೆ ದಾಟಿ ಅಡುಗೆಮನೆಯ ಹೊಸ್ತಿಲಿಗೆ ಮುಟ್ಟಿತು.

"ಮಂದಿ ಹೆಂಡ್ರು ಬಂಗಾರ ತರ್ತಾರ, ಹಾಂಡೆ ಕೊಡಾ ತರ್ತಾರ," ಅಂದರು ಚಾಚಾ, ತುದಿ ಹಿಡಿದು ನಿಂತಲ್ಲಿಂದಲೇ. "ಈಕಿ ಕಾಗದದ ಸುತ್ತಿ ತಂದಾಳ ನೋಡು ಬೇಟಾ. ವರ್ಷಕ್ಕೊಮ್ಮಿ ಇದರ ಮೆರವಣಿಗಿ, ನಾನ ಭಜಂತ್ರಿ."

"ಸುಮ್ಮ ಹಿಡೀರಿ ನೀವು, ಅಲುಗಾಡಿಸಬ್ಯಾಡ್ರಿ."

ನೀಲಿ ಗುಡ್ಡಗಳು, ಕೆಳಗೆ ಕೆಂಪು ಗೆರೆಗಳು. ಮೇಡಂ ಮಂಡಿಯೂರಿ ಒಂದೊಂದೇ ಗುಡ್ಡ ತೋರಿಸಿದರು. ಎಲ್ಲಕ್ಕಿಂತ ಹಗುರವಾದ ಐಸೊಟೋಪು ಆ ಲೋಹದಲ್ಲಿ ಇರುವುದೇ ಅಷ್ಟಿಷ್ಟು. ಅದರ ಗುಡ್ಡ ಸರಿಯಾಗಿ ಕಂಡದ್ದು ಈ ಒಂದು ಸುರುಳಿಯಲ್ಲಿ ಮಾತ್ರ. ಮಿಕ್ಕವುಗಳ ಲೆಕ್ಕವೆಲ್ಲ ಗ್ರಾಫಿನಲ್ಲಿ ಒಂದು ಸರಳರೇಖೆಯ ಮೇಲೆ ಬಂದರೆ, ಹಗುರದ್ದು ಮಾತ್ರ ರೇಖೆ ಬಿಟ್ಟು ಪಕ್ಕಕ್ಕೆ ಬಿದ್ದಿತ್ತು. ಆ ಪರಮಾಣುವಿನ ನಡುವಿನ ಬೀಜದ ಆಕಾರ ಎಲ್ಲರೂ ತಿಳಿದಂತಿಲ್ಲ ಎಂದು ಅದರ ಅರ್ಥ. ಇಪ್ಪತ್ತಾರು ವರ್ಷದ ಸಿಂದಗಿಯ ಹುಡುಗಿ ಅದನ್ನು ಹೇಳಿದ್ದಳು, ಪತ್ರಿಕೆಯಲ್ಲಿ ಅಚ್ಚಾಗಿತ್ತು, ಹೊರದೇಶದವರು ತಮ್ಮ ಪಟ್ಟಿಗಳಲ್ಲಿ ಆ ಅಂಕಿ ಸೇರಿಸಿಕೊಂಡಿದ್ದರು. ನನಗೆ ಮೈ ಝುಮ್ಮೆಂದಿತು.

"ಮತ್ತೊಮ್ಮಿ ಯಾರರ ನೋಡ್ಬೇಕಿತ್ತು," ಅಂದರು ಮೇಡಂ, ಸುರುಳಿಯನ್ನು ಬೇಗಬೇಗ ಸುತ್ತುತ್ತ. "ಇಷ್ಟು ವರ್ಷಾತು, ಯಾರೂ ನೋಡವಲ್ಲರು."

"ನಾ ನೋಡ್ತೇನ್ರಿ ಮೇಡಂ," ಅಂದುಬಿಟ್ಟೆ. ಆ ವಯಸ್ಸಿನಲ್ಲಿ ಏನು, ಚಂದ್ರನನ್ನು ತಂದುಕೊಡುತ್ತೇನೆ ಅಂತಲೂ ಅನ್ನುತ್ತಿದ್ದೆ.

ಸುತ್ತುವ ಕೈ ನಿಂತಿತು. "ಖರೇ?" ಅಂದರು. ಆ ಒಂದು ಮಾತಿಗಾಗಿ ನಾನು ಎಂ.ಎಸ್ಸಿ. ಮಾಡಿದೆ, ಪಿಎಚ್.ಡಿ. ಮಾಡಿದೆ, ಊರೂರು ಅಲೆದೆ, ಕೊನೆಗೆ ಒಂದು ಲೇಸರ್ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ನಿಂತೆ. ಮೇಡಂ ಸರಿ ಎಂದು ಲೋಕಕ್ಕೆ ತೋರಿಸಬೇಕು, ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಅವರಿಗೆ ಬೇಕಾದದ್ದೂ ಅದೇ ಎಂದು ತಿಳಿದಿದ್ದೆ.

ಫೋನ್ ಮಾಡಿದರೆ ಆರಾಮಿದ್ದೀಯಾ, ಉಂಡೆಯಾ ಅನ್ನುವ ಹೆಂಗಸಲ್ಲ ಅವರು. "ಭಟ್ಟಿ ಹಚ್ಚಿದ್ಯಾ?" ಅದೇ ಮೊದಲ ಮಾತು. ಇನ್ನೂ ಇಲ್ರಿ ಎಂದರೆ, "ಹಂಗಾದ್ರ ಫೋನ್ ಯಾಕ ಮಾಡೀ?" ಎಂದು ಇಟ್ಟೇ ಬಿಡುತ್ತಿದ್ದರು. ನನ್ನ ಮದುವೆಯ ದಿನ ಮಂಟಪಕ್ಕೆ ಬಂದು, ಅಕ್ಷತೆ ಹಾಕಿ, ಕಿವಿಯ ಹತ್ತಿರ ಬಗ್ಗಿ ಕೇಳಿದ್ದು ಅದನ್ನೇ. ನನ್ನ ಗಂಡ ಪಾಪ, ಇವಳು ಇಟ್ಟಿಗೆ ಭಟ್ಟಿ ನಡೆಸುತ್ತಾಳೇನೋ ಎಂದು ಗಾಬರಿಯಾಗಿದ್ದ.

ಕೊನೆಗೂ ಭಟ್ಟಿ ಹಚ್ಚಿದೆ, ಮೇಡಂಗೆ ಫೋನ್ ಮಾಡಿ ಹೇಳಿದೆ. ಈಗ ಕಾಗದವಿಲ್ಲ, ಪೆನ್ನಿಲ್ಲ, ಎಲ್ಲ ಕಂಪ್ಯೂಟರಿನಲ್ಲೇ. ಒಂದು ಮಧ್ಯಾಹ್ನ ಆ ಹಗುರದ್ದರ ಪುಟ್ಟ ಗುಡ್ಡ ಪರದೆಯ ಮೇಲೆ ಎದ್ದಿತು. ಕಿರುಚಿದೆ, ಪಕ್ಕದ ಕೋಣೆಯವರು ಓಡಿಬಂದರು. ಆಮೇಲೆ ಅಳತೆ ಹಾಕಿದೆ. ಮೇಡಂ ಹೇಳಿದ್ದಕ್ಕಿಂತ ಕಡಿಮೆ ಬಂತು. ಲೇಸರನ್ನು ಬೈದೆ, ಭಟ್ಟಿಯನ್ನು ಬೈದೆ, ಎ.ಸಿ.ಯನ್ನು ಬೈದೆ, ಕನ್ನಡಿಗಳನ್ನೆಲ್ಲ ಬಿಚ್ಚಿ ಮತ್ತೆ ಕೂರಿಸಿದೆ. ಹತ್ತು ದಿನ ಹತ್ತು ಸಲ ನೋಡಿದರೂ ಅದೇ ಉತ್ತರ. ಗ್ರಾಫಿನಲ್ಲಿ ಆ ಬಿಂದು ಪ್ರಾರ್ಥನೆಗೆ ನಿಂತ ಶಾಲೆಯ ಮಗುವಿನ ಹಾಗೆ ಮಿಕ್ಕವುಗಳ ಸಾಲಿನಲ್ಲಿ ನೆಟ್ಟಗೆ ನಿಂತಿತ್ತು. ಮೇಡಂ ಅವರ ಪ್ರಬಂಧ ತೆಗೆದು ನನ್ನ ಅಂಕಿಯನ್ನು ಅವರ ಅಳತೆಪಟ್ಟಿಯ ಲೆಕ್ಕಕ್ಕೆ ಇಳಿಸಿ ನೋಡಿದೆ. ವ್ಯತ್ಯಾಸ ಸರಿಯಾಗಿ ಒಂದು ಗೆರೆ. ಅರ್ಧ ಅಲ್ಲ, ಒಂದೂಕಾಲಲ್ಲ, ಒಂದು. ಅವರು ಒಂದು ಗೆರೆ ಹೆಚ್ಚು ಎಣಿಸಿದ್ದರು. ಗಿಳಿ ಎಣಿಸುವವರು, ಟ್ರ್ಯಾಕ್ಟರ್ ಎಣಿಸುವವರು!

ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಆಮೇಲೆ ಅಳು ಬಂತು. ಆಮೇಲೆ ಒಂದು ಉಪಾಯ ಬಂತು. ಮಿಕ್ಕ ಐಸೊಟೋಪುಗಳ ಅಳತೆ ಮಾತ್ರ ಬರೆಯುವುದು. ಹಗುರದ್ದು ಲೋಹದಲ್ಲಿ ತೀರಾ ಕಡಿಮೆ, ಕಾಣಲಿಲ್ಲ ಎಂದರೆ ಯಾರೂ ಅನುಮಾನ ಪಡುವುದಿಲ್ಲ. ಹಾಗೆಯೇ ಲೇಖನದ ಕರಡು ಬರೆದೆ. ನಾಲ್ಕು ತಿಂಗಳು ಮೇಡಂಗೆ ಫೋನ್ ಮಾಡಲಿಲ್ಲ. ಅವರೇ ಮಾಡಿದಾಗ ಮೀಟಿಂಗಿನಲ್ಲಿದ್ದೇನೆ ಅಂದೆ. ಕೂತಲ್ಲಿ ಕೂಡಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಮನೆಯಲ್ಲಿ ಎಲ್ಲರ ಮೇಲೆ ಹರಿಹಾಯುತ್ತಿದ್ದೆ.

ಆಗ ಚಾಚಾ ಫೋನ್ ಮಾಡಿದರು. "ನಿಮ್ಮ ಮೇಡಂಗ ಎದಿ ತ್ರಾಸ ಭಾಳ ಆಗೈತಿ. ಡಾಕ್ಟರ್ರು ಕೈ ಚೆಲ್ಯಾರ. ಬಂದು ಹೋಗು ಬೇಟಾ."

ವಿಜಯಪುರದಿಂದ ಬಸ್ಸು ಹಿಡಿದು ಮಧ್ಯಾಹ್ನ ಎರಡರ ಸುಮಾರಿಗೆ ಸಿಂದಗಿಯಲ್ಲಿ ಇಳಿದೆ. ಮೇಡಂ ಪಡಸಾಲೆಯ ಮಂಚದ ಮೇಲಿದ್ದರು. ಮಲಗಿರಲಿಲ್ಲ, ಅಂಚಿಗೆ ಕೂತಿದ್ದರು. ಪಾದ ಬಾತಿದ್ದವು. ಎರಡು ಮಾತಿಗೊಮ್ಮೆ ಉಸಿರು ಕಟ್ಟುತ್ತಿತ್ತು. ಆದರೂ ಎದ್ದು ನಿಲ್ಲುವುದು, ಕಿಟಕಿಯ ತನಕ ಹೋಗುವುದು, ಮತ್ತೆ ಬಂದು ಕೂಡುವುದು ಬಿಟ್ಟಿರಲಿಲ್ಲ. ನನ್ನನ್ನು ಕಂಡು, ಬಾ ಅನ್ನಲಿಲ್ಲ.

"ಹಗೂರಂದು ಏನಾತು?" ಅಂದರು.

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಬಾಯಿಗೆ ಬಂತು. "ಅದು ಕಾಣ್ಲಿಲ್ರಿ ಮೇಡಂ. ಲೋಹದಾಗ ಭಾಳ ಕಡಿಮಿ ಇತ್ತು."

"ಕಾಣ್ಲಿಲ್ಲ?"

"ಇಲ್ರಿ."

ನನ್ನ ಮುಖವನ್ನೇ ನೋಡಿದರು. ಆಮೇಲೆ ಒಳಗೆ ತಿರುಗಿ, "ಆ ಸುತ್ತಿ ತಗೀರಿ" ಎಂದು ಚಾಚಾಗೆ ಹೇಳಿದರು.

"ಈಗ ಯಾಕ ಅದು? ಸುಮ್ಮ ಮಲಕೋ."

"ತಗೀರಿ ಅಂದ್ನಿಲ್ಲ. ತಗದ ಕೊಟ್ಟು ಈಕಿಗಿ ಚಹಾ ಮಾಡಾಕ ಹೋಗ್ರಿ."

ಚಾಚಾ ಸುರುಳಿ ತಂದಿಟ್ಟು ಅಡುಗೆಮನೆಗೆ ಹೋದರು. ಮೇಡಂ ಮಂಚದ ಮೇಲೆ ಮೊಳದುದ್ದ ಮಾತ್ರ ಬಿಚ್ಚಿದರು, ಹಿಂದೆ ನನಗೆ ತೋರಿಸದೆ ಬೇಗಬೇಗ ಸುತ್ತಿದ್ದ ಭಾಗ. ಆ ಚಿಕ್ಕ ಗುಡ್ಡದ ಪಕ್ಕದಲ್ಲಿ ಕೆಂಪು ಮಸಿ ತೆಳುವಾಗಿತ್ತು, ಎರಡು ಗೆರೆಗಳ ನಡುವೆ ಅಂತರ ದುಪ್ಪಟ್ಟಾಗಿತ್ತು. ಆ ಅಂತರದ ನಡುಮಧ್ಯದಲ್ಲಿ ಒಂದು ಗೆರೆ. ಅದು ಕೆಂಪಲ್ಲ, ಬೂದು. ಪೆನ್ಸಿಲ್ಲಿನದು.

"ಒಂದು ಗೆರಿ ಕಡಿಮಿ ಬಂತು, ಹೌದಿಲ್ಲೋ?" ಅಂದರು.

ನನ್ನ ಕಣ್ಣು ತುಂಬಿ ಕಾಗದವೇ ಕಾಣದಂತಾಯಿತು. "ಹೌದ್ರಿ," ಅಂದೆ.

"ಅಷ್ಟ ಮತ್ತ." ಅವರು ಉಸಿರು ಎಳೆದುಕೊಂಡರು. "ಬ್ಯಾಸಗಿ ದಿನ ಅವು. ಆ ಬಿಸಲಿಗಿ ಪೆನ್ನಿನ ಮಸಿ ಒಣಗತಿತ್ತು. ಭಟ್ಟ್ಯಾಗ ಕಡೀ ಚೂರು ಲೋಹ. ಹಗೂರಂದು ಎದ್ದು ಕಾಣಸ್ತು, ನಾ ಕುಣದಾಡ್ದೆ. ಆಮ್ಯಾಲ ನೋಡ್ತೇನಿ, ಕೆಂಪ ಗೆರಿ ಒಂದು ಇಲ್ಲ. ಮಸಿ ಒಣಗೈತಿ, ಅದಕ್ಕ ಬಿದ್ದಿಲ್ಲ ಅಂತ ತಿಳದು ಪೆನ್ಸಿಲ್‌ಲೆ ನಾನ ಒಂದು ಎಳದೆ. ಎಳಿಯೂಮುಂದ ಕೈ ನಡಗಿಲ್ಲ ನೋಡು."

"ಮತ್ತ ಅಲ್ಲೇನಾಗಿತ್ರಿ?"

"ಏನಿಲ್ಲ. ಲೇಸರಿನ ಬಣ್ಣ ಒಂದ್ ಗಳಿಗಿ ಸರೀಲಾರದ ನಿಂತಿತ್ತು. ಕಾಗದ ಓಡ್ತು, ಬಣ್ಣ ಓಡ್ಲಿಲ್ಲ. ಅದಕ್ಕ ಗೆರಿ ಬೀಳ್ಲಿಲ್ಲ. ಮಸಿ ತೆಳು ಇತ್ತು ಖರೆ, ಆದ್ರ ಇತ್ತು. ಗೆರಿ ಬಿದ್ದಿದ್ರ ತೆಳುವಾಗಿ ಆದ್ರೂ ಕಾಣ್ತಿತ್ತು. ಇದು ನನಗ ಗೊತ್ತಾಗಿದ್ದು ಲಗ್ನ ಆಗಿ ಎರಡನೇ ವರ್ಷ, ಇದ ಪಡಸಾಲ್ಯಾಗ. ಅಷ್ಟೊತ್ತಿಗಿ ಅಚ್ಚಾಗಿ ಹೋಗಿತ್ತು."

"ಅವಾಗ ಯಾರಿಗೂ ಬರೀಲಿಲ್ಲೇನ್ರಿ?"

"ಬರೀಬೇಕಿತ್ತು. ಅನುಮಾನ ಅಷ್ಟ ಐತಿ, ಮತ್ತೊಮ್ಮಿ ನೋಡಿ ಬರದ್ರಾತು ಅಂತ ನನಗ ನಾನ ಸಮಾಧಾನ ಮಾಡ್ಕೊಂಡೆ. ನೋಡೂದು ಎಲ್ಲಿಂದ? ಆ ಲೋಹ ಸಿಂದಗಿ ಸಂತ್ಯಾಗ ಸಿಗತೈತೇನು?" ನಗಲು ಹೋಗಿ ಕೆಮ್ಮಿದರು. "ಆ ಡೊಂಕ ಚುಕ್ಕಿ ಕಂಡು ಭಾಳ ಖುಷಿ ಆಗಿತ್ತವಾ ನನಗ. ಖುಷ್ಯಾಗ ಇದ್ದಾಗ ಯಾರ ಹೊಳ್ಳಿ ಎಣಿಸ್ತಾರ?"

ಅವತ್ತು ನನ್ನ ಗ್ರಾಫಿನ ಮುಂದೆ ನಡುಗಿದ ತುಟಿಯ ಅರ್ಥ ಈಗ ನನಗಾಯಿತು. ನಾನು ಅವರ ಕೈ ಹಿಡಿದುಕೊಂಡೆ. "ಬಿಡ್ರಿ ಮೇಡಂ. ಆಗಿಹೋದ ಮಾತು. ಇದರಿಂದ ಯಾರ ಮನಿ ಮುಳುಗೈತಿ?"

"ನೀ ಈಗ 'ಕಾಣ್ಲಿಲ್ಲ' ಅಂದೆಲ್ಲ, 'ಕಾಣ್ಲಿಲ್ಲ' ಅಂತನ ಬರದೀಯೇನು?"

ಹೌದೆಂದು ಗೋಣು ಹಾಕಿದೆ. ಅವರು ಕೈ ಕಿತ್ತುಕೊಂಡರು. ಹೊಡೆಯುತ್ತಾರೆ ಅಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು.

"ನಾ ಇಲ್ಲದ್ದ ಒಂದು ಹಾಕಿದೆ. ನೀ ಇದ್ದದ್ದ ತಗದು ಒಗಿಯಾಕತ್ತಿ. ಇಬ್ಬರದೂ ಒಂದ ಕೆಲಸ. ಹೌದಿಲ್ಲೋ?"

"ನಿಮ್ಮ ಹೆಸರು ಕೆಡ್ತದಲ್ರಿ..."

"ನನ್ನ ಹೆಸರು ನಾ ನೋಡ್ಕೋತೇನಿ. ಬರಿ. ನನ್ನ ಹೆಸರ ಹಾಕಿ ಬರಿ. ಲಗೂ, ನನಗ ಹೊತ್ತಿಲ್ಲ."

ಮೊಬೈಲಿನಲ್ಲೇ ಬರೆಯಲು ಕೂತೆ. ಮೊದಲು ಇಂಗ್ಲಿಷಿನಲ್ಲಿ ನಾಜೂಕಾಗಿ ಬರೆದೆ. ಹಿಂದಿನ ಅಳತೆಯ ಪಟ್ಟಿಯಲ್ಲಿ ಕೊಂಚ ಅನಿಶ್ಚಿತತೆ ಇದ್ದಿರಬಹುದು, ಇತ್ಯಾದಿ. ಓದಿ ಹೇಳಿದರೆ, "ಇದೇನಿದು ತಹಶೀಲ್ದಾರನ ನೋಟೀಸು? ತಪ್ಪ ಮಾಡಿದವರು ಯಾರು ಅಂತನ ಗೊತ್ತಾಗವಲ್ದು" ಅಂದರು. ಎರಡನೆಯದೂ ನಪಾಸು. ಮೂರನೆಯದನ್ನು ಅವರೇ ಹೇಳಿದರು, ನಾನು ಬರೆದುಕೊಂಡೆ. ಆ ಅಳತೆ ಮಾಡಿದವರೇ ನಮಗೆ ತಿಳಿಸಿರುವಂತೆ, ಅಳತೆಪಟ್ಟಿಯಲ್ಲಿ ಇಲ್ಲದ ಒಂದು ಗೆರೆಯನ್ನು ಅವರು ಕೈಯಿಂದ ಸೇರಿಸಿದ್ದರು, ಆ ಅಂಕಿ ತಪ್ಪು, ಅದರಿಂದ ತೆಗೆದ ಅರ್ಥವೂ ತಪ್ಪು. ಇಷ್ಟೇ. ಹೀಗೆ ಬರೆಯಲು ಪತ್ರಿಕೆಯವರಿಗೆ ಸಹಿ ಮಾಡಿದ ಪತ್ರ ಬೇಕಾಗುತ್ತದೆ ಅಂದೆ. ಸುರುಳಿಯನ್ನು ಹಾಳೆಗೆ ಒತ್ತಾಸೆಯಾಗಿ ತೊಡೆಯ ಮೇಲೆ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಪತ್ರ ಬರೆದರು. ಕೈ ನಡುಗಿ ಎರಡು ಹಾಳೆ ಹಾಳಾದವು, ಮೂರನೆಯದು ಸರಿ ಬಂತು. ಪೂರ್ತಿ ಹೆಸರು ಬರೆದು, ಕೆಳಗೆ ಸಿಂದಗಿ ಎಂದು ಬರೆದರು.

ಹಾಲಿಗೆಂದು ಹೊರಗೆ ಹೋಗಿ ಬಂದ ಚಾಚಾ ಅಷ್ಟರಲ್ಲಿ ಚಹಾ ತಂದರು. ಮೇಡಂ ಗಡಿಯಾರ ನೋಡಿ, "ಆಲಮೇಲ ಬಸ್ಸ ಐದಕ್ಕ ಐತಿ. ಚಹಾ ಕುಡದು ಓಡು" ಅಂದರು. ಅವ್ವನ ಮನೆಗೆ ನಾಳೆ ಹೋಗುತ್ತೇನೆ, ಇವತ್ತು ಇಲ್ಲೇ ಇರುತ್ತೇನೆ ಅಂದರೆ ಕೇಳಲಿಲ್ಲ. "ಇಲ್ಲಿ ಕುಂತ ಏನ ಮಾಡ್ತಿ? ನನ್ನ ಮಾರಿ ನೋಡ್ತೀಯೇನು? ಅದನ್ನ ಮದಲ ಕಳಸು." ನಾನು ಬಾಗಿಲು ದಾಟುವಾಗ, ಇನ್ನೂ ಹೋಗಿಲ್ಲೇನು ಎಂದು ಕೂಗಿದ್ದು ಕೇಳಿಸಿತು. ಅದೇ ಕೊನೆ. ಮೂರು ವಾರಕ್ಕೆ ತೀರಿಕೊಂಡರು. ಮಣ್ಣು ಕೊಡುವ ಹೊತ್ತಿಗೆ ನನಗೆ ಬಂದು ಮುಟ್ಟಲಾಗಲಿಲ್ಲ, ಲೇಖನವೂ ಅಷ್ಟರಲ್ಲಿ ಅಚ್ಚಾಗಿರಲಿಲ್ಲ.

ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆಗೆ ಹೋದಾಗ ಅಚ್ಚಾದ ಲೇಖನ ನನ್ನ ಚೀಲದಲ್ಲಿತ್ತು. ಬಂಧುಗಳು ಉಂಡು ಪಡಸಾಲೆಯಲ್ಲಿ ಕೂತಿದ್ದರು. ಚಾಚಾ ಹಾಳೆಗಳನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, "ಇದರಾಗ ಆಕಿ ಹೆಸರ ಎಲ್ಲೈತಿ?" ಎಂದು ಕೇಳಿದರು. ತೋರಿಸಿದೆ.

"ಏನಂತ ಬರದೀ?"

ಕನ್ನಡದಲ್ಲಿ ಹೇಳಿದೆ. ಹೇಳುತ್ತ ಹೋದಂತೆ ಅವರ ಮುಖ ಕಪ್ಪಿಟ್ಟಿತು. "ಸತ್ತಾಕಿ ತಪ್ಪ ಊರಿಗೆಲ್ಲ ಸಾರೀಯೇನ ಬೇಟಾ?" ಅಂದರು. ಅಷ್ಟು ಮೆತ್ತನೆಯ ಮನುಷ್ಯನ ಬಾಯಿಂದ ಆ ಮಾತು ಬಂದದ್ದಕ್ಕೆ ಕೂತವರೆಲ್ಲ ಇತ್ತ ತಿರುಗಿದರು.

ಮೇಡಂ ಪತ್ರ ತೆಗೆದು ಕೊಟ್ಟೆ. ಅಕ್ಷರದ ಗುರುತು ಹತ್ತಿತು, ಇಂಗ್ಲಿಷು ಓದಲು ಬರಲಿಲ್ಲ. ಒಂದೊಂದು ಸಾಲಾಗಿ ಹೇಳಿದೆ. ಚಾಚಾ ಮತ್ತೊಮ್ಮೆ ಹೇಳು ಅಂದರು, ಮತ್ತೊಮ್ಮೆ ಹೇಳಿದೆ.

"ವರ್ಷಾ ವರ್ಷಾ ಆ ಕಾಗದ ಹಿಡಕೊಂಡು ನಿಂತೇನಿ," ಅಂದರು. "ನನಗ ಒಂದಿನ ಹೇಳಿಲ್ಲ." ಗಂಡಸು ಮಂದಿಯ ಮುಂದೆ ಅಳುವುದನ್ನು ನೋಡಲಾಗದೆ ನಾನು ನೆಲ ನೋಡುತ್ತ ಕೂತೆ. ಚಾಚಾ ಕಣ್ಣೊರೆಸಿಕೊಂಡು ಕೇಳಿದರು, "ತಪ್ಪಾಗೇತಿ ಅಂತ ಆಕೀನ ಹೇಳಿದ್ಲೋ, ನೀ ಕೇಳಿದ್ಯೋ?"

"ಅವರ ಹೇಳಿದ್ರಿ ಚಾಚಾ."

"ಮತ್ತ ನೀ ಏನಂದಿ?"

"ಬರೀತೇನಿ ಅಂದ್ನಿರಿ."

ಅವರು ಎದ್ದು ಬಂದು ನನ್ನ ತಲೆಯ ಮೇಲೆ ಕೈ ಇಟ್ಟರು. ಕೂತವರ ಕಡೆ ತಿರುಗಿ, "ನೋಡ್ರಿ, ಎಂಥಾ ಗುರುವಿಗೆ ಎಂಥಾ ಮಗಳು. ಒಂದು ಸುಳ್ಳಿಲ್ಲ ಈ ಹುಡುಗಿ ಬಾಯಾಗ" ಅಂದರು. ಎಲ್ಲರೂ ಹೌದು ಹೌದು ಎಂದು ಗೋಣು ಹಾಕಿದರು. ನಾನು ಆ ಕೈಯ ಕೆಳಗಿಂದ ತಲೆ ತಪ್ಪಿಸಿಕೊಂಡು, ಹೊತ್ತಾಯಿತು ಎಂದು ಬಸ್ ಸ್ಟ್ಯಾಂಡಿಗೆ ಬಂದುಬಿಟ್ಟೆ.

ಚಾಚಾ, ಅವತ್ತು ನೀವು ಒಳಗಿದ್ದಿರಿ, ನಿಮಗೆ ಕೇಳಿಸಿರಲಿಲ್ಲ. ನಾನು ಮೊದಲು ಹೇಳಿದ್ದು ಸುಳ್ಳು. ಕಂಡಿತ್ತು, ಕಾಣಲಿಲ್ಲ ಅಂದೆ. ಸಾಯಲು ಮೂರು ವಾರವಿದ್ದ ಹೆಂಗಸು ತನ್ನ ತಪ್ಪು ತಾನೇ ಎತ್ತಿ ತೋರಿಸಿ, ನನ್ನ ಸುಳ್ಳನ್ನು ನನ್ನ ಬಾಯಿಂದ ಕೀಳಬೇಕಾಯಿತು. ಆ ಲೇಖನದಲ್ಲಿ ಅವರ ತಪ್ಪಿಗೆ ಜಾಗವಿತ್ತು, ನನ್ನದಕ್ಕೆ ಇರಲಿಲ್ಲ. ಅದೂ ಅಲ್ಲದೆ ಅದು ಇಂಗ್ಲಿಷಿನಲ್ಲಿತ್ತು. ನೀವು ಓದುವುದು ಕನ್ನಡ, ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದಿದ್ದೇನೆ.